ಮರದ ನೆಲಕ್ಕೆ ಕ್ಲೀಟ್ ನೇಲರೋ ಸ್ಟೇಪಲರೋ: ಎರಡನ್ನೂ ಹೊಡೆದು ನೋಡಿದ ಮೇಲೆ

ಗಟ್ಟಿ ಮರದ ಹಲಗೆ ಹಾಸಲು ಹೊರಟವರು ಮೊದಲು ಕೇಳುವುದು ಕ್ಲೀಟ್ ಎಂಬ ಚಪ್ಪಟೆ ಮೊಳೆ ಹೊಡೆಯುವ ನೇಲರೋ, ಸ್ಟೇಪಲ್ ಎಂಬ ಎರಡು ಕಾಲಿನ ತಂತಿ ಹೊಡೆಯುವ ಸ್ಟೇಪಲರೋ, ಯಾವ ಮಷೀನು ಬೇಗ ಕೆಲಸ ಮುಗಿಸುತ್ತದೆ ಅಂತ. ಹಲಗೆಯ ದಪ್ಪ ಎಷ್ಟು, ಮರ ಎಷ್ಟು ಗಡಸು, ಕೆಳಗೆ ಏನಿದೆ ಎನ್ನುವುದನ್ನು ಅದಕ್ಕೂ ಮೊದಲು ನೋಡಬೇಕು. ಮುಕ್ಕಾಲು ಇಂಚಿನ ಸಾಲಿಡ್ (ಇಡಿಯಾಗಿ ಒಂದೇ ಮರದ) ಓಕ್, ಅದಕ್ಕಿಂತ ಬಹಳ ಗಡಸಾದ ಜಟೋಬಾ, ಪದರಗಳನ್ನು ಅಂಟಿಸಿ ಮಾಡಿದ ತೆಳು ಎಂಜಿನಿಯರ್ಡ್ ಹಲಗೆ ಮೂರರ ಮೇಲೂ ನಾನು ಬೇರೆ ಬೇರೆ ನೇಲರ್, ಸ್ಟೇಪಲರ್‌ಗಳನ್ನು ಬಳಸಿದ್ದೇನೆ. ಎಲ್ಲಕ್ಕೂ ಒಂದೇ ಉತ್ತರ ಸಿಗಲಿಲ್ಲ. ಆದರೆ ಸಾಲಿಡ್ ಹಲಗೆಯ ವಿಷಯದಲ್ಲಿ ನನಗೆ ಯಾವ ಅನುಮಾನವೂ ಉಳಿದಿಲ್ಲ.

ಕೆಳಗೆ ಬರೀ ಕಾಂಕ್ರೀಟ್ ಇದ್ದರೆ ಈ ಯಾವ ಮಷೀನೂ ಉಪಯೋಗಕ್ಕೆ ಬರುವುದಿಲ್ಲ. ಒಂದೋ ಅಂಟು ಹಾಕಿ ಕೂರಿಸಬೇಕು, ಇಲ್ಲವೇ ಮೊದಲು ಪ್ಲೈವುಡ್ ಬಿಗಿದು ಅದರ ಮೇಲೆ ಹಲಗೆ ಹೊಡೆಯಬೇಕು.

ಕೆಲಸದ ರೀತಿ ಎಲ್ಲದರಲ್ಲೂ ಒಂದೇ. ಹಲಗೆಯ ಒಂದು ಅಂಚಿನಲ್ಲಿ ನಾಲಿಗೆ ಚಾಚಿಕೊಂಡಿರುತ್ತದೆ, ಎದುರು ಅಂಚಿನಲ್ಲಿ ಅದು ಕೂರುವ ಗ್ರೂವ್. ಮಷೀನಿನ ಪಾದ ನಾಲಿಗೆಯ ಮೇಲೆ ಕೂತು, ಸುಮಾರು 45 ಡಿಗ್ರಿ ಓರೆಯಲ್ಲಿ ಮೊಳೆಯನ್ನು ಕೆಳಗಿನ ಪ್ಲೈವುಡ್‌ಗೆ ಇಳಿಸುತ್ತದೆ. ಮುಂದಿನ ಹಲಗೆ ಬಂದು ಕೂತಾಗ ಮೊಳೆಯ ತಲೆ ಮರೆಯಾಗುತ್ತದೆ.

ವ್ಯತ್ಯಾಸ ಇರುವುದು ಒಳಗೆ ಹೋಗುವ ವಸ್ತುವಿನಲ್ಲಿ. ಸ್ಟೇಪಲ್ ಎಂದರೆ ಎರಡು ಕಾಲಿನ ತಂತಿ. ಮುಕ್ಕಾಲು ಇಂಚಿನ ಹಲಗೆಗೆ ಬಳಸುವುದು ಸಾಮಾನ್ಯವಾಗಿ 15.5 ಗೇಜಿನದು (ಗೇಜು ಎಂದರೆ ದಪ್ಪದ ಅಳತೆ), ಎರಡು ಕಾಲುಗಳ ನಡುವೆ ಅರ್ಧ ಇಂಚು. ಕಾಲುಗಳಿಗೆ ಅಂಟಿನ ಲೇಪ ಇರುತ್ತದೆ. ಹೊಡೆಯುವಾಗ ಹುಟ್ಟುವ ಬಿಸಿಗೆ ಅದು ಕರಗಿ ಮರವನ್ನು ಹಿಡಿಯುತ್ತದೆ. ಕ್ಲೀಟ್ ಎಂದರೆ ಚಪ್ಪಟೆ ಮೊಳೆ, ಅಂಚಿನಲ್ಲಿ ಗರಗಸದಂಥ ಸಣ್ಣ ಹಲ್ಲುಗಳು, ತಲೆ ಎಲ್ ಅಥವಾ ಟಿ ಆಕಾರದ್ದು. 16 ಗೇಜು ಎಲ್ಲೆಡೆ ಚಾಲ್ತಿಯಲ್ಲಿದೆ. 18 ಅದಕ್ಕಿಂತ ತೆಳು, ಏಕೆಂದರೆ ಗೇಜಿನ ಸಂಖ್ಯೆ ಏರಿದಷ್ಟೂ ಮೊಳೆ ಸಣ್ಣದಾಗುತ್ತದೆ.

ಒಂದೇ ಓಕ್ ಹಲಗೆಯ ತುಂಡುಗಳನ್ನು ಒಂದೇ ಪ್ಲೈವುಡ್ ಮೇಲೆ ಎರಡೂ ರೀತಿ ಬಿಗಿದು, ಆಮೇಲೆ ಸನ್ನೆಕೋಲು ಹಾಕಿ ಕಿತ್ತು ನೋಡಿದೆ. ಹೊಸದಾಗಿ ಹೊಡೆದಾಗ ಸ್ಟೇಪಲ್ ಜಗ್ಗುವುದೇ ಇಲ್ಲ. ಹಿಡಿತದಲ್ಲಿ ಅದು ಕ್ಲೀಟ್‌ಗಿಂತ ಒಂದು ಗುಲಗಂಜಿಯಷ್ಟೂ ಕಡಿಮೆ ಅನಿಸಲಿಲ್ಲ. ಆದರೆ ಕಿತ್ತ ತುಂಡನ್ನು ತಿರುಗಿಸಿ ನೋಡಿದಾಗ ಸ್ಟೇಪಲ್ ಹೊಡೆದಲ್ಲಿ ಎರಡು ಕಾಲುಗಳ ನಡುವಿನ ನಾಲಿಗೆ ಚಕ್ಕೆಯಾಗಿ ಎದ್ದಿತ್ತು. ಆ ಚಕ್ಕೆಯ ಬುಡದಲ್ಲಿ ಎಳೆಯ ಗುಂಟ ಸಣ್ಣ ಸೀಳು ಓಡಿತ್ತು. ಕ್ಲೀಟ್ ಹೊಡೆದಲ್ಲಿ ಉಳಿದಿದ್ದು ಒಂದು ಕಿರಿದಾದ ಸೀಳುಗಂಡಿ ಮಾತ್ರ, ಅದರ ಎರಡೂ ಪಕ್ಕ ನಾಲಿಗೆ ಇಡಿಯಾಗಿತ್ತು.

ಈ ಚಿಕ್ಕ ಸೀಳು ಯಾಕೆ ಮುಖ್ಯ ಎಂದರೆ, ಮರ ಸುಮ್ಮನೆ ಬಿದ್ದಿರುವುದಿಲ್ಲ. ತೇವ ಹೆಚ್ಚಾದಾಗ ಅಗಲದ ದಿಕ್ಕಿನಲ್ಲಿ ಹಿಗ್ಗುತ್ತದೆ, ಒಣಹವೆಯಲ್ಲಿ ಕುಗ್ಗುತ್ತದೆ, ಉದ್ದದ ದಿಕ್ಕಿನಲ್ಲಿ ಬದಲಾಗುವುದು ಅತ್ಯಲ್ಪ. ಕ್ಲೀಟ್ ಈ ಓಡಾಟಕ್ಕೆ ಸ್ವಲ್ಪ ಬಾಗಿ ಅವಕಾಶ ಕೊಡುತ್ತದೆ, ಹಲ್ಲುಗಳು ಹಿಡಿತ ಬಿಡುವುದಿಲ್ಲ. ಸ್ಟೇಪಲ್ ಎರಡು ಕಡೆ ಬಿಗಿಹಿಡಿದು ನಿಲ್ಲುವುದರಿಂದ ಹಲಗೆಗೂ ಅದಕ್ಕೂ ಜಗ್ಗಾಟ ನಡೆಯುತ್ತದೆ. ಅಂಟಿನ ಹಿಡಿತ ಒಮ್ಮೆ ಸಡಿಲಿತೋ, ಕಾಲಿಟ್ಟಲ್ಲೆಲ್ಲ ಕಿರ್ ಎನ್ನುವ ಸದ್ದು. ನೆಲ ಹಾಸಿದ ದಿನ ಎರಡೂ ಒಂದೇ ಥರ ಕಾಣುತ್ತವೆ. ಹವೆ ಒಂದು ಸುತ್ತು ಬದಲಾದ ಮೇಲೆ ನಿಜ ಬಣ್ಣ ಗೊತ್ತಾಗುತ್ತದೆ. ಹಾಗಾಗಿ ಮುಕ್ಕಾಲು ಇಂಚಿನ ಸಾಲಿಡ್ ಹಲಗೆಗೆ, ಅದರಲ್ಲೂ 3 ಇಂಚಿಗಿಂತ ಅಗಲದ್ದಕ್ಕೆ, ನಾನು ಕ್ಲೀಟ್ ಬಿಟ್ಟು ಬೇರೆ ಹಾಕುವುದಿಲ್ಲ. ಸ್ಟೇಪಲ್ ಸಾಮಾನ್ಯವಾಗಿ ಕ್ಲೀಟ್‌ಗಿಂತ ಅಗ್ಗ, ಒಪ್ಪುತ್ತೇನೆ. ಆದರೆ ಮರಕ್ಕೆ ಸುರಿದ ಹಣದ ಮುಂದೆ ಆ ಉಳಿತಾಯ ಯಾವ ಲೆಕ್ಕ?

ಜಟೋಬಾದಂಥ ಗಡಸು ಮರದಲ್ಲಿ ಸ್ಟೇಪಲ್ ನಾಲಿಗೆಯನ್ನು ಸೀಳಿಯೇಬಿಡುತ್ತದೆ. 16 ಗೇಜಿನ ಕ್ಲೀಟ್ ಕೂಡ ಅಲ್ಲಿ ಪೂರ್ತಿ ನಂಬಿಕೆಗೆ ಬರಲಿಲ್ಲ. ಕೆಲವು ಕಡೆ ಹಲಗೆಯ ಮೇಲ್ಮೈಯಲ್ಲಿ ಸಣ್ಣ ಗುಳ್ಳೆಯಂತೆ ಉಬ್ಬು ಕಂಡಿತು. ಎದುರಿನಿಂದ ನೋಡಿದರೆ ತಿಳಿಯದು, ಕಿಟಕಿಯ ಬೆಳಕು ಅಡ್ಡ ಬಿದ್ದಾಗ ಎದ್ದು ಕಾಣುತ್ತದೆ. 18 ಗೇಜಿಗೆ ಬದಲಾಯಿಸಿದ ಮೇಲೆ ಆ ತೊಂದರೆ ಹೋಯಿತು.

ತೆಳು ಎಂಜಿನಿಯರ್ಡ್ ಹಲಗೆಯಲ್ಲಿ ಮಾತ್ರ ಲೆಕ್ಕ ತಿರುಗುತ್ತದೆ. ಅಡ್ಡ ಪದರಗಳಿರುವುದರಿಂದ ಅದು ಅಷ್ಟಾಗಿ ಹಿಗ್ಗಿ ಕುಗ್ಗುವುದಿಲ್ಲ. ಕಾಲು ಇಂಚು ಅಗಲದ, 18 ಗೇಜಿನ ಸಣ್ಣ ಸ್ಟೇಪಲ್ ಇಲ್ಲಿ ಚೊಕ್ಕವಾಗಿ ಕೂರುತ್ತದೆ, ಮಷೀನೂ ಹಗುರ. ದಪ್ಪ ಹಲಗೆಯ ದೊಡ್ಡ ಸ್ಟೇಪಲರನ್ನು ಇದಕ್ಕೆ ತರಬೇಡಿ, ನಾಲಿಗೆ ಪುಡಿಯಾಗುತ್ತದೆ.

ಕ್ಲೀಟ್ ಎಂದು ತೀರ್ಮಾನಿಸಿದ ಮೇಲೂ ಕೈ ನೇಲರೋ ಗಾಳಿಯದೋ ಎಂಬ ಪ್ರಶ್ನೆ ಉಳಿಯುತ್ತದೆ. ಕೈ ನೇಲರಿನಲ್ಲಿ ಮೊಳೆ ಇಳಿಯುವುದು ಪೂರ್ತಿ ಸುತ್ತಿಗೆಯ ಬಲದಿಂದ. ರ‍್ಯಾಚೆಟ್ (ಏಟುಗಳ ನಡುವೆ ಒಳದಂಡ ಹಿಂದೆ ಸರಿಯದಂತೆ ತಡೆಯುವ ಹಲ್ಲು) ಇರುವುದಾದರೆ ಒಂದು ಮೊಳೆಯನ್ನು ಎರಡು ಮೂರು ಏಟಿನಲ್ಲಿ ಇಳಿಸಬಹುದು. ಕಂಪ್ರೆಸರ್ ಬೇಡ, ಪೈಪಿನ ತೊಡಕಿಲ್ಲ. ಒಂದು ಚಿಕ್ಕ ಕೋಣೆಗೆ ಅಷ್ಟೇ ಸಾಕು. ದೊಡ್ಡ ಹಾಲ್ ಆದರೆ ತೋಳು, ಸೊಂಟ ಎರಡೂ ಸೋಲುತ್ತವೆ, ಸುಸ್ತಾದ ಕೈಯಲ್ಲಿ ಮೊಳೆ ಅರ್ಧಕ್ಕೆ ನಿಲ್ಲುತ್ತದೆ. ಗಾಳಿ ನೇಲರಿನಲ್ಲಿ ಸುತ್ತಿಗೆಯ ಏಟು ಹಲಗೆಯನ್ನು ಪಕ್ಕದ ಹಲಗೆಗೆ ಒತ್ತುತ್ತದೆ, ಅದೇ ಏಟಿಗೆ ವಾಲ್ವ್ ತೆರೆದು ಗಾಳಿ ಮೊಳೆಯನ್ನು ಇಳಿಸುತ್ತದೆ. ಟ್ರಿಗರ್ ಎಳೆದು ಹೊಡೆಯುವ ಮಾದರಿಗಳಲ್ಲಿ ಈ ಒತ್ತುವಿಕೆ ಇಲ್ಲ, ಸೊಟ್ಟ ಹಲಗೆ ಬಂದಾಗ ಸಂದು ಉಳಿಯುತ್ತದೆ. ನನ್ನ ಓಟು ಸುತ್ತಿಗೆ ಏಟಿನ ಗಾಳಿ ನೇಲರಿಗೆ.

ಗಾಳಿಯ ಒತ್ತಡವನ್ನು 70 ಪಿಎಸ್‌ಐಯಿಂದ ಶುರುಮಾಡಿ, ಬಿಸಾಡುವ ತುಂಡಿನ ಮೇಲೆ ನೋಡುತ್ತಾ ಸ್ವಲ್ಪ ಸ್ವಲ್ಪವೇ ಏರಿಸಿ. ಮೊಳೆಯ ತಲೆ ನಾಲಿಗೆಯ ಮೇಲಿನ ಮೂಲೆಯಲ್ಲಿ ಸರಿಯಾಗಿ ಅಡಗಬೇಕು. ಬೆರಳಾಡಿಸಿದಾಗ ತಲೆ ತಾಕಿದರೆ ಮುಂದಿನ ಹಲಗೆ ಪೂರ್ತಿ ಕೂರದು. ಆಳಕ್ಕೆ ಇಳಿದರೆ ನಾಲಿಗೆ ಸೀಳುತ್ತದೆ. ಮರ ಬದಲಾದಾಗಲೆಲ್ಲ ಮತ್ತೆ ನೋಡಬೇಕು, ಓಕ್‌ಗೆ ಇಟ್ಟ ಒತ್ತಡ ಜಟೋಬಾಗೆ ಸಾಲುವುದಿಲ್ಲ.

ಮೊಳೆಯ ಉದ್ದ ಸಾಮಾನ್ಯವಾಗಿ 2 ಇಂಚು. ಪ್ಲೈವುಡ್ಡಿನ ಕೆಳಗೆ ನೇರವಾಗಿ ಕಾಂಕ್ರೀಟ್ ಇದ್ದರೆ ಒಂದೂವರೆ ಇಂಚಿನದು ಹಾಕಿ, ಇಲ್ಲವಾದರೆ ತುದಿ ಕಾಂಕ್ರೀಟಿಗೆ ತಾಗಿ ತಲೆ ಮೇಲೆ ನಿಲ್ಲುತ್ತದೆ. ನಾನು 8 ಇಂಚಿಗೊಂದು ಮೊಳೆ ಹೊಡೆಯುತ್ತೇನೆ, ಅಗಲ ಹಲಗೆಗೆ ಇನ್ನೂ ಹತ್ತಿರ, ತುದಿಯಿಂದ ಎರಡು ಮೂರು ಇಂಚು ಬಿಟ್ಟು. ಹಲಗೆ ಎಷ್ಟೇ ಗಿಡ್ಡವಾಗಿದ್ದರೂ ಎರಡು ಮೊಳೆ ಬೇಕೇ ಬೇಕು.

ಎಲ್ ಕ್ಲೀಟ್, ಟಿ ಕ್ಲೀಟ್, ಸ್ಟೇಪಲ್ ಮೂರನ್ನೂ ಹೊಡೆಯುವ ತ್ರೀ ಇನ್ ಒನ್ ಮಷೀನುಗಳೂ ಇವೆ. ಒಂದೇ ಮನೆಯ ಕೆಲಸಕ್ಕೆ ಕೊಳ್ಳುವವರಿಗೆ ಅದು ಒಳ್ಳೆಯ ಆಯ್ಕೆ. ಆದರೆ ಅವುಗಳಲ್ಲಿ ಹೆಚ್ಚಿನವು 16 ಗೇಜಿಗೆ ಮಾಡಿದವು, ಗಡಸು ಮರ ಹಾಸುವವರು 18 ಗೇಜಿನ ಮಷೀನನ್ನೇ ಬಾಡಿಗೆಗೆ ತರುವುದು ಮೇಲು. ಮೊದಲ ಒಂದೆರಡು ಸಾಲು, ಕೊನೆಯ ಸಾಲುಗಳಿಗೆ ಇವು ಯಾವುವೂ ಒದಗುವುದಿಲ್ಲ. ಗೋಡೆ ಅಡ್ಡ ಬರುವುದರಿಂದ ಸುತ್ತಿಗೆ ಬೀಸಲು ಜಾಗವೇ ಇರುವುದಿಲ್ಲ. ಆ ಸಾಲುಗಳಿಗೆ 15 ಅಥವಾ 16 ಗೇಜಿನ ಫಿನಿಶ್ ನೇಲರ್ (ಸಣ್ಣ ತಲೆಯ ಮೊಳೆ ಹೊಡೆಯುವ ಮಷೀನು) ಒಂದನ್ನು ಜೊತೆಗೇ ತಂದಿಟ್ಟುಕೊಳ್ಳಿ. ಮೇಲಿನಿಂದ ಹೊಡೆದ ಮೊಳೆಗಳನ್ನು ಗೋಡೆಯ ಅಂಚಿಗೆ ಆದಷ್ಟು ಹತ್ತಿರ ಇಟ್ಟರೆ ಸ್ಕರ್ಟಿಂಗ್ ಪಟ್ಟಿ ಅವನ್ನು ಮುಚ್ಚುತ್ತದೆ.