ಬುದ್ಧಿಹಲ್ಲಿನ ಶಸ್ತ್ರಚಿಕಿತ್ಸೆ: ಅಡ್ರಿನಲಿನ್ ಇದ್ದರೆ ಹೇಗೆ, ಇಲ್ಲದಿದ್ದರೆ ಹೇಗೆ?

ಬಿಪಿ ಇರುವವರು ಬುದ್ಧಿಹಲ್ಲು ತೆಗೆಸಲು ಬಂದಾಗ ಅವರ ಫಿಜಿಷಿಯನ್ ಬರೆದುಕೊಟ್ಟ ಚೀಟಿಯಲ್ಲಿ ಹೆಚ್ಚಾಗಿ ಒಂದೇ ಸಾಲು ಇರುತ್ತದೆ: ಅಡ್ರಿನಲಿನ್ ಇಲ್ಲದ ಇಂಜೆಕ್ಷನ್ ಬಳಸಿ. ರಕ್ತನಾಳ ಬಿಗಿಸಲು ಮರವಿನ ಇಂಜೆಕ್ಷನ್‌ಗೆ ಬೆರೆಸುವ ಈ ಅಡ್ರಿನಲಿನ್ ಬಿಪಿ ಏರಿಸೀತೆಂಬ ಭಯ. ಆ ಸಾಲನ್ನು ಶಿರಸಾವಹಿಸಿ ಪಾಲಿಸಿಯೂ ನೋಡಿದ್ದೇನೆ, ಫೋನಿನಲ್ಲಿ ಚರ್ಚಿಸಿ ಬದಲಿಸಿಯೂ ನೋಡಿದ್ದೇನೆ. ಕುರ್ಚಿಯ ಪಕ್ಕದ ಮಾನಿಟರ್ ಚೀಟಿಯ ಮಾತನ್ನು ಅಷ್ಟಾಗಿ ಒಪ್ಪುವುದಿಲ್ಲ.

ನಮ್ಮ ದಿನನಿತ್ಯದ ಮರವಿನ ಮದ್ದು ಶೇ. 2ರ ಲಿಗ್ನೊಕೇನ್, ಜೊತೆಗೆ 1:80,000 ಅಡ್ರಿನಲಿನ್. ಅಂದರೆ ಒಂದು ಮಿ.ಲೀ.ಗೆ 12.5 ಮೈಕ್ರೊಗ್ರಾಂ. ಕೆಳದವಡೆಯ ನರದ ಬಳಿ ಕೊಟ್ಟ ಕೆಲವೇ ನಿಮಿಷಗಳಲ್ಲಿ ನಾಡಿ ತುಸು ಏರುತ್ತದೆ, ಕೆಲವರಿಗೆ ಎದೆ ಡವಗುಟ್ಟುತ್ತದೆ. ಒತ್ತಡ ಮಾತ್ರ ಅದೇ ಪ್ರಮಾಣದಲ್ಲಿ ಏರುವುದಿಲ್ಲ. ಈ ಅಲ್ಪ ಪ್ರಮಾಣದ ಅಡ್ರಿನಲಿನ್ ಹೃದಯವನ್ನು ಚುರುಕುಗೊಳಿಸುವ ಹೊತ್ತಿಗೇ ಸ್ನಾಯುಗಳೊಳಗಿನ ರಕ್ತನಾಳಗಳನ್ನು ಸಡಿಲಿಸುತ್ತದೆ. ಮೇಲಿನ ಅಂಕಿ ಸ್ವಲ್ಪ ಮೇಲಕ್ಕೆ, ಕೆಳಗಿನದು ಇದ್ದಲ್ಲೇ ಅಥವಾ ತುಸು ಕೆಳಕ್ಕೆ. ಒಸಡಿನಲ್ಲಿ ಮಾತ್ರ ನಾಳಗಳು ಬಿಗಿದು, ರಕ್ತ ಕಡಿಮೆಯಾಗಿ, ಎಲುಬು ಕೊರೆಯುವಾಗ ಹಲ್ಲು ಸ್ಪಷ್ಟವಾಗಿ ಕಾಣುತ್ತದೆ.

ಇನ್ನು ಚೀಟಿ ಬಯಸುವ ಪ್ಲೇನ್, ಅಂದರೆ ಅಡ್ರಿನಲಿನ್ ಬೆರೆಸದ, ಲಿಗ್ನೊಕೇನ್. ಮೊದಮೊದಲು ನಾಡಿ ಶಾಂತವಾಗಿರುವುದು ನಿಜ. ಆದರೆ ಲಿಗ್ನೊಕೇನ್ ಸ್ವಭಾವತಃ ರಕ್ತನಾಳಗಳನ್ನು ಹಿಗ್ಗಿಸುವ ಮದ್ದು. ಹಾಕಿದ ಜಾಗದಿಂದ ಬೇಗ ರಕ್ತಕ್ಕೆ ಸೇರಿಹೋಗುತ್ತದೆ. ಅದಕ್ಕೇ ಅಡ್ರಿನಲಿನ್ ಜೊತೆಗಿದ್ದರೆ ಕಿಲೋ ತೂಕಕ್ಕೆ 7 ಮಿ.ಗ್ರಾಂ ತನಕ ಒಪ್ಪುವ ಪುಸ್ತಕಗಳು ಪ್ಲೇನ್ ಮದ್ದನ್ನು 4.4ಕ್ಕೇ ನಿಲ್ಲಿಸುತ್ತವೆ. ಎಲುಬಿನಲ್ಲಿ ಹುದುಗಿದ ಹಲ್ಲು ಅಷ್ಟು ಬೇಗ ಕೈಗೆ ಬರುವುದಿಲ್ಲ. ಅರ್ಧ ಕೆಲಸದಲ್ಲೇ ಮರವು ಇಳಿದು ನೋವು ತಲೆಯೆತ್ತುತ್ತದೆ. ಆಗ ರೋಗಿಯ ಸ್ವಂತ ಅಡ್ರಿನಲ್ ಗ್ರಂಥಿಗಳು ಸುರಿಸುವ ಅಡ್ರಿನಲಿನ್‌ಗೆ ಅಳತೆಯೂ ಇಲ್ಲ, ಅಂಕುಶವೂ ಇಲ್ಲ. ನಾಡಿ, ಒತ್ತಡ ಎರಡೂ ಒಟ್ಟಿಗೆ ಜಿಗಿಯುವುದನ್ನು ನಾನು ಹೆಚ್ಚು ಕಂಡದ್ದು ಈ ‘ಸುರಕ್ಷಿತ’ ಮದ್ದಿನಲ್ಲೇ. ಮೇಲಿಂದ ರಕ್ತ ಒರೆಸುವುದೇ ಒಂದು ಕೆಲಸ.

1976ರಿಂದ ಜರ್ಮನಿಯಲ್ಲಿ ಬಳಕೆಯಲ್ಲಿರುವ ಇನ್ನೊಂದು ಮರವಿನ ಮದ್ದು ಆರ್ಟಿಕೇನ್ ನನಗೆ ಇಷ್ಟವಾದದ್ದು ಬೇರೆ ಕಾರಣಕ್ಕೆ. ಅದರ ಬಹುಪಾಲನ್ನು ರಕ್ತದಲ್ಲಿರುವ ಕಿಣ್ವಗಳೇ ಒಡೆದುಹಾಕುತ್ತವೆ, ಯಕೃತ್ತಿಗಾಗಿ ಕಾಯಬೇಕಿಲ್ಲ. ಲಿಗ್ನೊಕೇನ್ ರಕ್ತದಲ್ಲಿ ಅರ್ಧಕ್ಕಿಳಿಯಲು ಸುಮಾರು ಒಂದೂವರೆ ಗಂಟೆ ಬೇಕಾದರೆ ಇದಕ್ಕೆ ಅರ್ಧ ಗಂಟೆಯೊಳಗೇ ಸಾಕು. ಇದರ ಜೊತೆ 1:1,00,000 ಮತ್ತು 1:2,00,000 ಅಡ್ರಿನಲಿನ್ ಎರಡನ್ನೂ ಬಳಸಿ ನೋಡಿದೆ. ಮರವಿನ ಆಳದಲ್ಲಿ ವ್ಯತ್ಯಾಸ ಕಾಣಲಿಲ್ಲ. ರಕ್ತ ಮಾತ್ರ ಎರಡನೆಯದರಲ್ಲಿ ತುಸು ಹೆಚ್ಚು, ನಾಡಿ ತುಸು ತಣ್ಣಗೆ. ಶೇ. 4ರ ಈ ಮದ್ದನ್ನು ಕೆಳದವಡೆಯ ನರವನ್ನೇ ಮರಗಟ್ಟಿಸುವ ಬ್ಲಾಕ್‌ಗೆ ಕೊಟ್ಟರೆ ನಾಲಿಗೆಯ ಮರವು ಬಹುಕಾಲ ಉಳಿಯಬಹುದೆಂಬ ಶಂಕೆ ಇನ್ನೂ ಹೋಗಿಲ್ಲ. ಹಾಗಾಗಿ ಬ್ಲಾಕ್‌ಗೆ ಲಿಗ್ನೊಕೇನ್, ಕೆನ್ನೆಯ ಬದಿಗೆ ಆರ್ಟಿಕೇನ್ ಎಂಬುದು ನನ್ನ ಪದ್ಧತಿ.

ದೀರ್ಘಕಾಲ ಮರಗಟ್ಟಿಸುವ ಬುಪಿವಕೇನ್ ಕುರಿತು ಹೆಚ್ಚು ಹೇಳುವುದಿಲ್ಲ. ನೋವು ರಾತ್ರಿಯವರೆಗೂ ಹತ್ತಿರ ಸುಳಿಯದು, ತುಟಿಯೂ ಅಷ್ಟೇ ಹೊತ್ತು ಮರಗಟ್ಟಿರುತ್ತದೆ. ತಪ್ಪಿ ರಕ್ತನಾಳಕ್ಕೆ ಹೋದರೆ ಹೃದಯದ ಬಡಿತಕ್ಕೆ ಬೇಕಾದ ಸೋಡಿಯಂ ವಾಹಿನಿಗಳಿಗೆ ಜಿಗಣೆಯಂತೆ ಅಂಟಿಕೊಳ್ಳುವ ಮದ್ದಿದು. ಬಿಪಿ ಇರುವವರಿಗೆ ನಾನು ಇದನ್ನು ಆರಿಸುವುದಿಲ್ಲ.

ಹೃದ್ರೋಗಿಗಳಿಗೆ ಸಾಮಾನ್ಯವಾಗಿ ಹೇಳುವ ಮಿತಿ 40 ಮೈಕ್ರೊಗ್ರಾಂ ಅಡ್ರಿನಲಿನ್. 1:80,000ರಲ್ಲಿ ಅದು 3.2 ಮಿ.ಲೀ.ಗೇ ಮುಗಿಯುತ್ತದೆ, 1:2,00,000ರಲ್ಲಿ 8 ಮಿ.ಲೀ. ತನಕ ಬರುತ್ತದೆ. ಬಿಪಿ ಹತೋಟಿಯಲ್ಲಿರುವವರಿಗೆ ನನ್ನ ಆಯ್ಕೆ ಈ ಎರಡನೆಯದು. ಸಿರಿಂಜನ್ನು ಹಿಂದಕ್ಕೆಳೆದು ರಕ್ತ ಬರುತ್ತಿಲ್ಲವೆಂದು ಖಚಿತಪಡಿಸಿಕೊಂಡು, ಆತುರವಿಲ್ಲದೆ ಕೊಡಬೇಕು. ಅದೇ ಪ್ರಮಾಣ ನಾಳದೊಳಗೆ ನುಗ್ಗಿದರೆ ಮೇಲಿನ ಲೆಕ್ಕಾಚಾರವೆಲ್ಲ ನೀರುಪಾಲು. ಒತ್ತಡ 180/110 ದಾಟಿದ್ದರೆ ಯಾವ ಮದ್ದೂ ಬೇಡ, ಇನ್ನೊಂದು ದಿನ ಬರಲಿ.

ಚೀಟಿಯ ಎಚ್ಚರಿಕೆಗೆ ನಾನು ನಿಜವಾಗಿ ತಲೆಬಾಗುವುದು ಪ್ರೊಪ್ರನೊಲಾಲ್ ತೆಗೆದುಕೊಳ್ಳುವವರ ವಿಷಯದಲ್ಲಿ. ಮೈಗ್ರೇನಿಗೋ ಕೈನಡುಕಕ್ಕೋ ನುಂಗುವ ಈ ಮಾತ್ರೆ ‘ಬಿಪಿ ಮಾತ್ರೆ ಇದೆಯೇ?’ ಎಂದರೆ ಹೊರಬೀಳುವುದಿಲ್ಲ, ಹೆಸರು ಹಿಡಿದೇ ಕೇಳಬೇಕು. ಸ್ನಾಯುಗಳ ನಾಳಗಳು ಸಡಿಲಗೊಳ್ಳುವ ದಾರಿಯನ್ನು ಅದು ಮುಚ್ಚಿಬಿಡುತ್ತದೆ. ಅಡ್ರಿನಲಿನ್‌ಗೆ ಬಿಗಿಯುವ ದಾರಿ ಮಾತ್ರ ಉಳಿದು ಒತ್ತಡ ಚಿಮ್ಮುತ್ತದೆ, ನಾಡಿ ಕುಸಿಯುತ್ತದೆ. ಅಂಥವರಿಗೆ ಮೊದಲು ಒಂದೇ ಮಿ.ಲೀ. ಕೊಟ್ಟು, ಐದು ನಿಮಿಷ ಬಿಟ್ಟು, ಒತ್ತಡ ಅಳೆದ ಮೇಲೆಯೇ ಮುಂದಿನದು.