ಮೆಣಸಿನ ತಟ್ಟೆಯೋ, ಉಪ್ಪುನೀರಿನ ಮೊಟ್ಟೆಯೋ?

ಪುಟ್ಟ ಮಕ್ಕಳೊಂದಿಗೆ ಮಾಡುವ ನೀರಿನ ಪ್ರಯೋಗ ಎಂದರೆ ಎಲ್ಲರೂ ಮೊದಲು ಹೇಳುವುದು ಕಾಳುಮೆಣಸಿನ ಪುಡಿಯದನ್ನೇ. ತಟ್ಟೆಯಲ್ಲಿ ನೀರು, ಅದರ ಮೇಲೆ ಪುಡಿ, ಬೆರಳ ತುದಿಗೆ ಪಾತ್ರೆ ತೊಳೆಯುವ ಸೋಪು. ಬೆರಳು ತಾಗಿದೊಡನೆ ಪುಡಿಯೆಲ್ಲ ಅಂಚಿಗೆ ಓಡುತ್ತದೆ. ನನ್ನ ಐದು ವರ್ಷದ ಮಗಳು ಕುಣಿದಾಡಿ "ಇನ್ನೊಂದು ಸಲ" ಎಂದಳು. ತೊಡಕು ಇರುವುದು ಅಲ್ಲಿಯೇ. ಸೋಪು ಬೆರೆತ ನೀರಿನ ಮೇಲ್ಮೈ ಸೆಳೆತ (ನೀರಿನ ಮೇಲ್ಪದರವನ್ನು ಬಿಗಿಯಾಗಿ ಹಿಡಿದಿಡುವ ಬಲ) ಆಗಲೇ ಕುಗ್ಗಿರುತ್ತದೆ, ಎರಡನೆಯ ಸಲ ಪುಡಿ ಜಗ್ಗುವುದಿಲ್ಲ. ತಟ್ಟೆ ತೊಳೆದು ಹೊಸ ನೀರು ತುಂಬುವಷ್ಟರಲ್ಲಿ ಮಗುವಿನ ಗಮನ ಬೇರೆಡೆ ಹೋಗಿರುತ್ತದೆ. ಮೆಣಸಿನ ಕೈ ಕಣ್ಣಿಗೆ ಹೋಗದಂತೆ ಕಾಯುವ ಕೆಲಸ ಬೇರೆ.

ಉಪ್ಪುನೀರಿನ ಮೊಟ್ಟೆ ಇದಕ್ಕೆ ತದ್ವಿರುದ್ಧ. ತಾಜಾ ಮೊಟ್ಟೆ ಲೋಟದ ತಳ ಸೇರಿ ಸುಮ್ಮನೆ ಕೂರುತ್ತದೆ. ಒಂದು ಚಮಚ ಉಪ್ಪು ಹಾಕಿ ಕಲಕಿದರೂ ಅಲುಗುವುದಿಲ್ಲ. ಆದರೆ ಉಪ್ಪು ಹಾಕುವುದೂ ಕಲಕುವುದೂ ಮಗುವಿನದೇ ಕೆಲಸ, ಹಾಗಾಗಿ ಅದು ಕಾಯುತ್ತದೆ. ಉಪ್ಪು ಹೆಚ್ಚಿದಂತೆ ಮೊಟ್ಟೆಯ ದಪ್ಪ ತುದಿ ನಿಧಾನವಾಗಿ ಮೇಲೆದ್ದಿತು, ಏಕೆಂದರೆ ಒಳಗಿನ ಗಾಳಿ ಇರುವುದು ಆ ಬದಿಯಲ್ಲಿ. "ಅಮ್ಮಾ, ಎದ್ದು ನಿಂತಿದೆ ನೋಡು!" 200 ಮಿಲಿಲೀಟರ್ ನೀರಿಗೆ ನಾಲ್ಕೈದು ಟೀ ಚಮಚ ಉಪ್ಪು ಬೀಳುವ ಹೊತ್ತಿಗೆ ಮೊಟ್ಟೆ ತೇಲುತ್ತದೆ. ಹಳೆಯ ಮೊಟ್ಟೆ ಬೇಡ, ಅದು ಬರಿ ನೀರಿನಲ್ಲೇ ತೇಲಿಬಿಡಬಹುದು. ಮೊಟ್ಟೆ ತರದ ಮನೆಯವರು ಆಲೂಗಡ್ಡೆಯ ತುಂಡು ಹಾಕಿ ನೋಡಿ.

ಇದರಲ್ಲಿ ನನಗೆ ಅತಿ ಪ್ರಿಯವಾದದ್ದು ಮುಂದಿನ ಹಂತ. ಅರ್ಧ ಲೋಟ ಗಟ್ಟಿ ಉಪ್ಪುನೀರಿನ ಮೇಲೆ ಸಾದಾ ನೀರನ್ನು ಚಮಚದ ಬೆನ್ನಿನ ಮೇಲಿಂದ ಮೆಲ್ಲಗೆ ಇಳಿಸಿದರೆ ಮೊಟ್ಟೆ ಲೋಟದ ನಡುವೆಯೇ ನಿಲ್ಲುತ್ತದೆ. "ಹಾಗಾದರೆ ಸಮುದ್ರದಲ್ಲಿ ತೇಲುತ್ತದೆಯೇ?" ಎಂದು ಮಗಳು ಕೇಳಿದಳು. ಇಲ್ಲ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು, ಮೊಟ್ಟೆಗೆ ಬೇಕಾದದ್ದು 100 ಗ್ರಾಂಗೂ ಹೆಚ್ಚು. ಮೆಣಸಿನ ತಟ್ಟೆಯಿಂದ ಇಂಥ ಪ್ರಶ್ನೆ ಹುಟ್ಟಲಿಲ್ಲ.

ಮೂರು ವರ್ಷದವರಿಗೆ ಮಾತ್ರ ಈ ತಾಳ್ಮೆ ಇರುವುದಿಲ್ಲ. ತಂಗಿಯ ಮಗನಿಗೆ ಹಿಡಿಸಿದ್ದು ಅರಿಶಿನದ ನೀರು. ಬಟ್ಟೆ ಸೋಪಿನ ನೀರು ಬೆರೆಸಿದರೆ ಕೆಂಪು, ನಿಂಬೆರಸ ಹಿಂಡಿದರೆ ಮತ್ತೆ ಹಳದಿ. ಆರತಿಯ ಓಕುಳಿಯಲ್ಲಿ ಸುಣ್ಣ ಮಾಡುವ ಕೆಲಸವನ್ನು ಇಲ್ಲಿ ಸೋಪು ಮಾಡುತ್ತದೆ. ಸುಣ್ಣ ಚರ್ಮ ಸುಡುವಂಥದ್ದು, ಅದನ್ನು ಮಕ್ಕಳ ಕೈಗೆ ಕೊಡಬಾರದು. ಬಣ್ಣವನ್ನು ಹಿಂದೆ ಮುಂದೆ ತಿರುಗಿಸುವ ಅಧಿಕಾರ ತನ್ನದೆಂದು ಗೊತ್ತಾದ ಮೇಲೆ ಅವನು ಲೋಟ ಬಿಡಲಿಲ್ಲ. ಕಲೆ ಹೋಗುವುದು ಕಷ್ಟ, ಹಳೆಯ ಅಂಗಿ ತೊಡಿಸಿ.

ತುಂಬಿದ ಲೋಟಕ್ಕೆ ರಟ್ಟು ಮುಚ್ಚಿ ತಲೆಕೆಳಗು ಮಾಡುವುದು ಬಚ್ಚಲಿನಲ್ಲಾದರೆ ಚೆನ್ನ. ತಟ್ಟೆಯ ನೀರಿನಲ್ಲಿ ಮೇಣದ ಬತ್ತಿ ಹಚ್ಚಿ ಲೋಟ ಕವಿಚುವ ಪ್ರಯೋಗವನ್ನು ಈ ವಯಸ್ಸಿಗೆ ಮಾಡಲೇಬೇಡಿ. ಬೆಂಕಿಯ ಭಯ ಒಂದು ಕಡೆ. ಇನ್ನೊಂದು ಕಡೆ, ಆಮ್ಲಜನಕ ಖರ್ಚಾದ ಜಾಗಕ್ಕೆ ನೀರು ಏರಿತು ಎಂಬ ತಪ್ಪು ವಿವರಣೆ ಮಗುವಿನ ತಲೆಯಲ್ಲಿ ಊರಿಬಿಡುತ್ತದೆ. ನೀರು ಮೇಲೇರಲು ಮುಖ್ಯ ಕಾರಣ, ಬಿಸಿಯಾಗಿ ಹಿಗ್ಗಿದ ಗಾಳಿ ಬತ್ತಿ ಆರಿದ ಮೇಲೆ ತಣಿದು ಕುಗ್ಗುವುದು. ಅದನ್ನು ಹೈಸ್ಕೂಲಿಗೆ ಬಿಡೋಣ.