ಕ್ಯಾಂಪರ್ ವ್ಯಾನಿನ ಸೋರಿಕೆಗೆ ಬ್ಯೂಟೈಲ್ ಟೇಪ್: ಕಲಬುರಗಿ ಬಿಸಿಲಲ್ಲಿ ವರ್ಷಗಟ್ಟಲೆ ಬಳಸಿದ ಮೇಲೆ

ನಮ್ಮ ಭಾಗದಲ್ಲಿ ಕ್ಯಾಂಪರ್ ವ್ಯಾನ್ (ಒಳಗೇ ಮಲಗಿ, ಅಡುಗೆ ಮಾಡಿಕೊಂಡು ಸುತ್ತಾಡುವ ಗಾಡಿ) ಇಟ್ಟುಕೊಂಡವರು ಬೆರಳೆಣಿಕೆಯಷ್ಟು. ಹೀಗಾಗಿ ಸೋರಿಕೆ ಬಗ್ಗೆ ಯಾರನ್ನು ಕೇಳಿದರೂ ಮಲೆನಾಡು, ಕರಾವಳಿ ಕಡೆಯ ಅನುಭವವನ್ನೇ ಹೇಳುತ್ತಾರೆ. ಅಲ್ಲಿ ಮಳೆಯೇ ದೊಡ್ಡ ಚಿಂತೆ. ಕಲಬುರಗಿಯಲ್ಲಿ ಹಾಗಲ್ಲ. ಇಲ್ಲಿ ವ್ಯಾನಿನ ಸೀಲು ಕೆಡಿಸುವುದು ಏಪ್ರಿಲ್–ಮೇ ಬಿಸಿಲು. ಜೂನ್‌ನಲ್ಲಿ ಮೃಗಶಿರಾ ಮಳೆ ಶುರುವಾದಾಗ ಬಿಸಿಲು ಬಿಡಿಸಿಟ್ಟ ಸಂದಿಯಲ್ಲಿ ನೀರು ಇಳಿಯುತ್ತದೆ, ಅಷ್ಟೇ. ಆದ್ದರಿಂದ ಸಂದಿ ಮುಚ್ಚುವ ಯಾವ ಸೀಲಂಟ್ ಆದರೂ ನಾನು ಮೊದಲು ಕೇಳುವ ಪ್ರಶ್ನೆ ಒಂದೇ: ಇದು 43–44 ಡಿಗ್ರಿ ಬಿಸಿಲು ತಡೆದುಕೊಳ್ಳುತ್ತದಾ?

ಈ ವಿಮರ್ಶೆ ಬ್ಯೂಟೈಲ್ ಟೇಪಿನದ್ದು, ಅಂದರೆ ಸಂದಿಯಲ್ಲಿ ಇಟ್ಟು ನೀರು ತಡೆಯುವ ಮೆತ್ತನೆಯ ರಬ್ಬರ್ ಪಟ್ಟಿಯದ್ದು. 2022ರ ಶಿವರಾತ್ರಿ ಹೊತ್ತಿಗೆ ನಮ್ಮ ವ್ಯಾನಿನ ಚಾವಣಿಗೆ ಹಾಕಿಸಿದ್ದು. ಅದು ಹಲವು ಬೇಸಿಗೆ, ಹಲವು ಮಳೆಗಾಲ ಕಂಡ ಮೇಲೆ ಬರೆಯುತ್ತಿದ್ದೇನೆ. ಹಾಕಿದ ವಾರದಲ್ಲೇ ಬರೆದ ವಿಮರ್ಶೆಗಳು ಬೇಕಾದಷ್ಟು ಸಿಗುತ್ತವೆ. ಸೀಲಂಟ್ ವಿಷಯದಲ್ಲಿ ಅವು ಉಪಯೋಗಕ್ಕೆ ಬರುವುದಿಲ್ಲ. ಹೊಸದರಲ್ಲಿ ಎಲ್ಲವೂ ನೀರು ತಡೆಯುತ್ತವೆ.

ವ್ಯಾನ್ ಸೆಕೆಂಡ್ ಹ್ಯಾಂಡ್ ಟಿಟಿ (ಟೆಂಪೋ ಟ್ರಾವೆಲರ್). ಸೀಟು ತೆಗೆದು, ಹಾಸಿಗೆ, ಅಡುಗೆ ಕಟ್ಟೆ, ನೀರಿನ ಟ್ಯಾಂಕು ಕೂರಿಸಿ ಕ್ಯಾಂಪರ್ ಮಾಡಿದ್ದು. ಚಾವಣಿ ಮೇಲೆ 40 ಸೆಂ.ಮೀ. ಚೌಕದ ಪ್ಲಾಸ್ಟಿಕ್ ರೂಫ್ ವೆಂಟ್ (ಗಾಳಿ ಕಿಂಡಿ), ಸೋಲಾರ್ ಪ್ಯಾನೆಲ್, ಅದರ ವೈರ್ ಒಳಗೆ ಬರಲು ಒಂದು ತೂತು. ಗೋಡೆಯೊಳಗೆ ಬಿಸಿ ತಡೆಯಲು ಗ್ಲಾಸ್ ವೂಲ್ (ಹತ್ತಿಯಂಥ ಗಾಜಿನ ಎಳೆ), ಅದರ ಮೇಲೆ ಪ್ಲೈವುಡ್. ಕೆಲಸ ಮಾಡಿದ್ದು ಬೇರೆ ಊರಿನ ವರ್ಕ್‌ಶಾಪ್, ಹೆಸರು ಬೇಡ. ಅವರು ಚಾವಣಿಯ ತೂತುಗಳಿಗೆಲ್ಲ ಮೇಲಿಂದ ಸಿಲಿಕೋನ್ ಬಳಿದು ಬಿಟ್ಟಿದ್ದರು. ಫ್ಲೇಂಜಿನ, ಅಂದರೆ ತಗಡಿನ ಮೇಲೆ ಕೂರುವ ವೆಂಟ್ ಅಂಚಿನ, ಕೆಳಗೆ ಏನೂ ಇರಲಿಲ್ಲ. ಹೊರಗಿಂದ ನೋಡಿದರೆ ಬಿಳಿ ಬಿಳಿಯಾಗಿ ಚೆನ್ನಾಗಿಯೇ ಕಾಣುತ್ತಿತ್ತು.

ಮೊದಲು ಗೊತ್ತಾಗಿದ್ದು ಅವ್ವನಿಗೆ. ಶ್ರಾವಣದಲ್ಲಿ ಚಿಂಚೋಳಿ ಕಡೆ ಚಂದ್ರಂಪಳ್ಳಿ ಡ್ಯಾಮ್ ನೋಡಲು ಹೋಗಿದ್ದೆವು. ಅವ್ವ ಹಿಂದಿನ ಹಾಸಿಗೆಯಲ್ಲಿ ಮಲಗಿದ್ದವಳು, "ಇಲ್ಲಿ ಮುಗ್ಗು ವಾಸನಿ ಬರ್ಲಾಕತ್ತದ ನೋಡಪ್ಪಾ" ಅಂದಳು. ಕೈ ಇಟ್ಟು ನೋಡಿದರೆ ಹಿಂದಿನ ಚಕ್ರದ ಮೇಲಿನ ಪ್ಲೈವುಡ್ ತಣ್ಣಗೆ, ಮೆತ್ತಗೆ. ರೂಫ್ ವೆಂಟ್ ಇರುವುದು ಅಲ್ಲಿಂದ ಎಷ್ಟೋ ಮುಂದೆ, ವ್ಯಾನಿನ ನಡುವೆ. ಅದರ ಸುತ್ತ ಒಂದು ಹನಿ ಗುರುತೂ ಇರಲಿಲ್ಲ.

ಕಲಬುರಗಿಗೆ ಬಂದು ಬಸ್ ಬಾಡಿ ಕಟ್ಟುವ ಹಿರಿಯ ಮಿಸ್ತ್ರಿಯೊಬ್ಬರಿಗೆ ತೋರಿಸಿದೆ. ಎಲ್ಲರೂ ಅವರನ್ನು ಚಾಚಾ ಅನ್ನುತ್ತಾರೆ. ಅವರು ಹಸಿ ಇದ್ದ ಜಾಗ ನೋಡಲೇ ಇಲ್ಲ. ಸೀದಾ ಏಣಿ ಹಾಕಿ ಮೇಲೆ ಹತ್ತಿದರು. "ನೀರು ಇಳಿಯೋದು ಒಂದ್ ಕಡಿ, ಕಾಣೋದು ಇನ್ನೊಂದ್ ಕಡಿ ಸರ. ಕಂಡಲ್ಲಿ ಹುಡುಕಿದ್ರ ಸಿಗಂಗಿಲ್ಲ" ಅಂದರು. ಚಾವಣಿಯ ಒಳಗೆ ಅಡ್ಡಡ್ಡ ಕಬ್ಬಿಣದ ಪಟ್ಟಿ ಇರುತ್ತವಲ್ಲ, ನೀರು ಅವುಗಳ ಮೇಲೆ ಹರಿದು, ಗೋಡೆಯ ಗ್ಲಾಸ್ ವೂಲ್ ಒಳಗೆ ಇಳಿದು, ಕೆಳಗೆ ಚಕ್ರದ ಹತ್ತಿರ ನಿಲ್ಲುತ್ತದೆ. ಗ್ಲಾಸ್ ವೂಲ್ ಒಮ್ಮೆ ನೀರು ಕುಡಿದರೆ ಗೋಡೆಯೊಳಗೆ ಬೇಗ ಒಣಗುವುದಿಲ್ಲ.

ಪತ್ತೆ ಮಾಡಿದ ರೀತಿ ನನಗೆ ಬಹಳ ಹಿಡಿಸಿತು. ವ್ಯಾನಿನ ಕಿಟಕಿ, ಬಾಗಿಲು ಮುಚ್ಚಿ, ಎಸಿ ಜಾಲರಿಗೆ ಟೇಪ್ ಹಚ್ಚಿ, ಒಂದು ಸಂದಿಯಿಂದ ಬ್ಲೋವರ್ ಗಾಳಿ ಒಳಗೆ ಬಿಟ್ಟರು. ಆಮೇಲೆ ಚಾವಣಿ ಮೇಲೆ ಸೋಪಿನ ನೀರು ಸವರುತ್ತಾ ಹೋದರು. ವೆಂಟ್‌ನ ಮುಂದಿನ ಮೂಲೆಯಲ್ಲಿ ಸಣ್ಣ ಸಣ್ಣ ಗುಳ್ಳೆ ಎದ್ದವು. ವೈರ್ ತೂತಿನ ಹತ್ತಿರ ಇನ್ನೂ ಜಾಸ್ತಿ. ಬ್ಲೋವರ್ ಇಲ್ಲದವರು ಪೈಪಿನಿಂದ ನೀರು ಬಿಟ್ಟೂ ನೋಡಬಹುದು. ಆದರೆ ಕೆಳಗಿನಿಂದ ಶುರು ಮಾಡಿ ಮೇಲಕ್ಕೆ ಹೋಗಬೇಕು, ಒಂದೊಂದು ಭಾಗಕ್ಕೆ ಹತ್ತು ನಿಮಿಷವಾದರೂ ಕೊಡಬೇಕು, ಒಳಗೆ ಒಬ್ಬರು ಟಾರ್ಚ್ ಹಿಡಿದು ಕೂತಿರಬೇಕು. ಮೊದಲೇ ಮೇಲಿಂದ ಸುರಿದರೆ ಯಾವ ತೂತಿನಿಂದ ಬಂತು ಅಂತ ಗೊತ್ತಾಗುವುದೇ ಇಲ್ಲ.

ವೆಂಟ್ ಬಿಚ್ಚಿದಾಗ ಕಂಡದ್ದನ್ನು ಹೇಳಲೇಬೇಕು. ಸ್ಕ್ರೂಗಳ ತಲೆ ಹೊಳೆಯುತ್ತಿತ್ತು, ತಗಡಿನೊಳಗಿದ್ದ ಭಾಗ ಮಾತ್ರ ತುಕ್ಕು ಹಿಡಿದು ಸೊರಗಿತ್ತು. ಸಿಲಿಕೋನ್ ಅಂಚು ಹಿಡಿದು ಎಳೆದರೆ ಪ್ಲಾಸ್ಟಿಕ್ ಕಡೆಯಿಂದ ಉದ್ದಕ್ಕೂ ಬಿಟ್ಟು ಬಂತು. ಅದು ಹರಿದಿರಲಿಲ್ಲ, ಅಂಟೇ ಬಿಟ್ಟಿತ್ತು. ಕತ್ತರಿಸಿದ ತಗಡಿನ ಅಂಚಿಗೆ ಬಣ್ಣವೇ ಇಲ್ಲ. ಅದರ ಕೆಳಗಿನ ಪ್ಲೈವುಡ್ ಕಪ್ಪಾಗಿ, ಬೆರಳಿನಿಂದ ಒತ್ತಿದರೆ ಪದರ ಪದರ ಬಿಡುತ್ತಿತ್ತು.

ಯಾಕೆ ಹೀಗಾಗುತ್ತದೆ ಅಂದರೆ, ಬಿಸಿಗೆ ತಗಡು ಹಿಗ್ಗುವುದಕ್ಕಿಂತ ಪ್ಲಾಸ್ಟಿಕ್ ಐದಾರು ಪಟ್ಟು ಹೆಚ್ಚು ಹಿಗ್ಗುತ್ತದೆ. ಬೆಳಗಿನ ಜಾವಕ್ಕೂ ಮಧ್ಯಾಹ್ನಕ್ಕೂ ಚಾವಣಿಯ ಬಿಸಿಯಲ್ಲಿ 40 ಡಿಗ್ರಿ ವ್ಯತ್ಯಾಸ ಇದ್ದರೆ, 40 ಸೆಂ.ಮೀ. ವೆಂಟ್ ಚೌಕಟ್ಟು ತನ್ನ ಕೆಳಗಿನ ತಗಡಿಗಿಂತ ಹತ್ತಿರ ಹತ್ತಿರ 1 ಮಿ.ಮೀ. ಜಾಸ್ತಿ ಉದ್ದವಾಗುತ್ತದೆ. ಸಂಜೆಗೆ ಮತ್ತೆ ಕುಗ್ಗುತ್ತದೆ. ಬೇಸಿಗೆಯುದ್ದಕ್ಕೂ ದಿನಾ ಇದೇ ಎಳೆದಾಟ. ಜೊತೆಗೆ ನಮ್ಮ ರಸ್ತೆಗಳ ಕುಲುಕಾಟ. ಅಂಚಿಗೆ ಬಳಿದ ತೆಳು ಸಿಲಿಕೋನ್ ಎಷ್ಟು ದಿನ ಹಿಡಿದುಕೊಳ್ಳುತ್ತದೆ ಹೇಳಿ?

ಬ್ಯೂಟೈಲ್ ಟೇಪ್ ಗಟ್ಟಿಯಾಗುವುದೇ ಇಲ್ಲ. ಅದರ ಗುಣವೇ ಅದು. ಬೂದು ಅಥವಾ ಕಪ್ಪು ಬಣ್ಣದ ಮೆತ್ತನೆಯ ಪಟ್ಟಿ, ಸುಮಾರು 3 ಮಿ.ಮೀ. ದಪ್ಪ, ಒಂದು ಇಂಚು ಅಗಲ. ಹಿಡಿದರೆ ನಾದಿದ ಕಣಕದ ಹಾಗಿರುತ್ತದೆ. ತಗಡಿಗೂ ಫ್ಲೇಂಜಿಗೂ ನಡುವೆ ಇಟ್ಟು ಸ್ಕ್ರೂ ಬಿಗಿದರೆ ಅದು ಹರಡಿ ಸಂದಿಯನ್ನೆಲ್ಲ ತುಂಬುತ್ತದೆ. ಪ್ಲಾಸ್ಟಿಕ್ ಹಿಗ್ಗಿದರೆ ತಾನೂ ಅದರ ಜೊತೆ ಸರಿಯುತ್ತದೆ.

ಟೇಪ್ ಹಾಕುವ ಮೊದಲು ಒಣಗಿಸುವುದೇ ದೊಡ್ಡ ಕೆಲಸ. ಹಿಂಗಾರು ಮುಗಿಯುವವರೆಗೆ ಚಾವಣಿಗೆ ತಾಡಪತ್ರಿ ಕಟ್ಟಿಟ್ಟೆವು. ಒಳಗಿನ ಪ್ಲೈವುಡ್, ಗ್ಲಾಸ್ ವೂಲ್ ತೆಗೆಸಿ ಚಳಿಗಾಲವಿಡೀ ಬಾಗಿಲು ತೆರೆದಿಟ್ಟು ಗಾಳಿ ಆಡಿಸಿದೆವು. ಹಸಿ ಒಳಗೇ ಇದ್ದಾಗ ಮೇಲೆ ಸೀಲ್ ಮಾಡಿದರೆ ಒಳಗಿನ ನೀರು ಅಲ್ಲೇ ಕೂತು ಕೊಳೆಸುತ್ತದೆ. ಕೊಳೆತ ಜಾಗಕ್ಕೆ ಐಎಸ್ 710 ಗುರುತಿನ, ನೀರು ತಡೆಯುವ ಮರೈನ್ ಪ್ಲೈ ಹಾಕಿಸಿದೆ. ಗ್ಲಾಸ್ ವೂಲ್ ಬದಲು ನೀರು ಕುಡಿಯದ ನೈಟ್ರೈಲ್ ರಬ್ಬರ್ ಫೋಮ್ ಹಾಳೆ.

ಹಳೆಯ ಸಿಲಿಕೋನ್ ತೆಗೆಯುವುದು ಬಹಳ ತಾಳ್ಮೆಯ ಕೆಲಸ. ಅದರ ಮೇಲೆ ಬಣ್ಣ ನಿಲ್ಲುವುದಿಲ್ಲ, ಬೇರೆ ಸೀಲಂಟ್ ನಿಲ್ಲುವುದಿಲ್ಲ, ಹೊಸ ಸಿಲಿಕೋನ್ ಕೂಡ ಸರಿಯಾಗಿ ಹಿಡಿಯುವುದಿಲ್ಲ. ವಿನೆಗರ್ ವಾಸನೆ ಬರುವ ಸಿಲಿಕೋನ್ ಅಂತೂ ತಗಡಿಗೆ ಹಾಕಲೇಬಾರದು, ಅದರ ಆಮ್ಲ ತುಕ್ಕು ಹಿಡಿಸುತ್ತದೆ. ಚಾಚಾ ಪ್ಲಾಸ್ಟಿಕ್ ಪಟ್ಟಿಯಿಂದ ಕೆರೆದು, ಸಣ್ಣ ಉಜ್ಜು ಕಾಗದ ಹೊಡೆದು, ಕೊನೆಗೆ ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿದರು. ಬಟ್ಟೆ ಬೆಳ್ಳಗೇ ವಾಪಸ್ ಬರುವವರೆಗೂ ಬಿಡಲಿಲ್ಲ. ಕತ್ತರಿಸಿದ ಅಂಚಿಗೆ ತುಕ್ಕು ತಡೆಯುವ ರೆಡ್ ಆಕ್ಸೈಡ್ ಬಣ್ಣ ಬಳಿದು ಒಣಗಿಸಿದರು. ಆಮೇಲೆ ಟೇಪ್. ಮೂಲೆಯಲ್ಲಿ ಮಡಚಲಿಲ್ಲ, ಕತ್ತರಿಸಿ ಒಂದಕ್ಕೊಂದು ಒತ್ತಿ ಕೂಡಿಸಿದರು. ಸ್ಕ್ರೂ ಹೊಸದು, ಸ್ಟೇನ್‌ಲೆಸ್ ಸ್ಟೀಲ್. ಎದುರು ಬದುರು ಸ್ವಲ್ಪ ಸ್ವಲ್ಪವೇ ಬಿಗಿದರು. ಫ್ಲೇಂಜಿನ ಸುತ್ತಲೂ ಟೇಪ್ ಒಂದೇ ಸಮನೆ ಹೊರಗೆ ಉಬ್ಬಿ ಬಂದಾಗ ನಿಲ್ಲಿಸಿದರು. ವ್ಯಾನ್ ಕೆಲವು ದಿನ ಬಿಸಿಲಿಗೆ ನಿಂತ ಮೇಲೆ ಟೇಪ್ ಇನ್ನಷ್ಟು ಕೂತಿತು, ಆಗ ಇನ್ನೊಮ್ಮೆ ಬಿಗಿದರು. ಈ ಎರಡನೇ ಬಿಗಿತ ಮರೆಯಬೇಡಿ. ಹೆಚ್ಚಾದ ಟೇಪನ್ನು ಪ್ಲಾಸ್ಟಿಕ್ ಚಾಕುವಿನಿಂದ ಕತ್ತರಿಸಿ, ಸ್ಕ್ರೂ ತಲೆಗಳ ಮೇಲೆ ಹೈಬ್ರಿಡ್ ಸೀಲಂಟ್ ಹಾಕಿದರು. ಪಿಯು (ಪಾಲಿಯುರೆಥೇನ್) ಸೀಲಂಟ್ ತಗಡಿಗೆ ಗಟ್ಟಿ, ಆದರೆ ಎಲ್ಲ ಪ್ಲಾಸ್ಟಿಕ್‌ಗೂ ಆಗಿಬರುವುದಿಲ್ಲ. ಟ್ಯೂಬಿನ ಮೇಲೆ ಓದಿಕೊಂಡೇ ಹಾಕಬೇಕು.

ಇಷ್ಟು ವರ್ಷದ ಫಲ ಏನು? ಟೇಪ್ ಹಾಕಿದ ಜಾಗದಿಂದ ಇಲ್ಲಿಯವರೆಗೆ ನೀರು ಬಂದಿಲ್ಲ. ಇದನ್ನು ನಾನು ಕಣ್ಣಂದಾಜಿನಲ್ಲಿ ಹೇಳುತ್ತಿಲ್ಲ. ಎರಡು ಮುಳ್ಳು ಇರುವ ಸಾದಾ ಮಾಯಿಶ್ಚರ್ ಮೀಟರ್ ಇದೆ, ಅದನ್ನು ಪ್ಲೈವುಡ್‌ಗೆ ಚುಚ್ಚಿ ನೋಡುತ್ತೇನೆ. ಸೋರುತ್ತಿದ್ದಾಗ 30 ಶೇಕಡಾ ದಾಟುತ್ತಿತ್ತು. ಈಗ ಬೇಸಿಗೆಯಲ್ಲಿ 7–8, ಶ್ರಾವಣದಲ್ಲಿ 13–14. ಮಳೆಗಾಲದಲ್ಲಿ ಏರಿದ ಕೂಡಲೇ ಗಾಬರಿ ಆಗಬೇಡಿ, ಗಾಳಿಯ ತೇವಕ್ಕೆ ಮರ ಅಷ್ಟು ಏರುವುದು ಸಹಜ. ಅದೇ ದಿನ ಖಂಡಿತ ಒಣಗಿರುವ ಇನ್ನೊಂದು ಜಾಗಕ್ಕೂ ಚುಚ್ಚಿ ಹೋಲಿಸಿ ನೋಡಿ. ಒಂದೇ ಜಾಗ 20 ದಾಟಿದರೆ ಮಾತ್ರ ಹುಡುಕಲು ಶುರು ಮಾಡಿ. ಹಿಂದೆ ಫಾಯಿಲ್ ಅಥವಾ ತಗಡು ಇದ್ದು ಮುಳ್ಳು ಅದಕ್ಕೆ ತಾಗಿದರೆ ಮೀಟರ್ ಸುಳ್ಳು ಹೇಳುತ್ತದೆ.

ತೊಂದರೆಗಳೂ ಇವೆ. ಮೇ ತಿಂಗಳಲ್ಲಿ ಟೇಪ್ ಮೆತ್ತಗಾಗಿ ಅಂಚಿನಿಂದ ಸ್ವಲ್ಪ ಇಳಿಯುತ್ತದೆ. ಅದಕ್ಕೆ ಧೂಳು ಅಂಟುತ್ತದೆ. ಬೀದರಿಗೆ ಹೋಗಿ ಬಂದರೆ ವೆಂಟ್ ಸುತ್ತ ಕೆಂಪು ಗೆರೆ. ನೋಡಲು ಚೆನ್ನಾಗಿಲ್ಲ, ಕೆಲಸಕ್ಕೆ ಏನೂ ತೊಂದರೆ ಇಲ್ಲ. ಕೈಗೆ, ಬಟ್ಟೆಗೆ ಹತ್ತಿದರೆ ಬೇಗ ಹೋಗುವುದಿಲ್ಲ. ಮಧ್ಯಾಹ್ನದ ಬಿಸಿಲಲ್ಲಿ ಹಾಕಲು ಹೋದರೆ ಕಾಗದ ಬಿಡಿಸುವಾಗಲೇ ಎಳೆ ಎಳೆಯಾಗುತ್ತದೆ. ಬೆಳಗ್ಗೆ ಬೇಗ ಹಾಕಿಸಿ. ಇದು ಅಂಟಲ್ಲ ಅನ್ನುವುದೂ ನೆನಪಿರಲಿ. ಸ್ಕ್ರೂ ಬಿಗಿತ ಇಲ್ಲದ ಕಡೆ ಇದನ್ನು ನಂಬಿ ಏನನ್ನೂ ಕೂರಿಸಬಾರದು. ಕಿಟಕಿಯ ರಬ್ಬರ್ ಬೀಡಿಂಗ್ ಒಣಗಿ ಬಿರಿದಿದ್ದರೆ ಬೀಡಿಂಗನ್ನೇ ಬದಲಾಯಿಸಬೇಕು, ಟೇಪಿನಿಂದ ಆಗುವುದಿಲ್ಲ.

ಟೇಪ್ ಎಷ್ಟೇ ಒಳ್ಳೆಯದಿರಲಿ, ಚಾವಣಿ ಮೇಲೆ ನೀರು ನಿಲ್ಲಲು ಬಿಡಬಾರದು. ನಮ್ಮ ವ್ಯಾನ್ ಬೇವಿನ ಮರದ ಕೆಳಗೆ ನಿಲ್ಲುತ್ತದೆ. ನೆರಳು ಸೀಲಿಗೆ ಒಳ್ಳೆಯದು, ಆದರೆ ಎಲೆ, ಹೂವು ಬಿದ್ದು ಅಂಚಿನ ಕಾಲುವೆ ತುಂಬಿಕೊಳ್ಳುತ್ತದೆ. ರೋಹಿಣಿ ಮಳೆಗೆ ಮೊದಲೇ ಹತ್ತಿ ಗುಡಿಸುತ್ತೇನೆ, ಹಾಗೆಯೇ ಸ್ಕ್ರೂ ತಲೆಗಳನ್ನೂ ನೋಡಿಬಿಡುತ್ತೇನೆ.

ಇನ್ನೊಂದು ಮಾತು, ಇದನ್ನು ಸ್ವಲ್ಪ ಒತ್ತಿ ಹೇಳಬೇಕು. ಒಳಗೆ ಹಸಿ ಕಂಡ ಕೂಡಲೇ ಸುಮ್ನೆ ಸೀಲಂಟ್ ತಂದು ಬಳಿಯಬೇಡಿ. ಡಿಸೆಂಬರ್‌ನಲ್ಲಿ ಬೀದರ್ ಕೋಟೆ ನೋಡಲು ಹೋಗಿ ರಾತ್ರಿ ವ್ಯಾನಿನಲ್ಲೇ ಮಲಗಿದರೆ, ಬೆಳಗ್ಗೆ ಗಾಜು, ತಗಡು ಎಲ್ಲ ಬೆವರಿರುತ್ತವೆ. ಮಳೆಯೇ ಇಲ್ಲ, ಸೋರಿಕೆ ಎಲ್ಲಿಂದ ಬರಬೇಕು? ಅದು ನಮ್ಮ ಉಸಿರಿನ ನೀರು. ಇಬ್ಬರು ಮಲಗಿದರೆ ಒಂದು ರಾತ್ರಿಗೆ ಅರ್ಧ ಲೀಟರ್ ಆಸುಪಾಸು. ಒಳಗೆ ಗ್ಯಾಸ್ ಹಚ್ಚಿ ಚಹಾ, ಅಡುಗೆ ಮಾಡಿದರೆ ಇನ್ನೂ ಜಾಸ್ತಿ. ಒಂದು ಕೆ.ಜಿ. ಎಲ್‌ಪಿಜಿ ಉರಿದರೆ ಸುಮಾರು ಒಂದೂವರೆ ಲೀಟರ್ ನೀರು ಆವಿಯಾಗಿ ಹೊರಬರುತ್ತದೆ. ಚಳಿ ಅಂತ ಎಲ್ಲ ಮುಚ್ಚಿದರೆ ಆ ಆವಿ ಹಾಸಿಗೆಯ ಕೆಳಗೆ, ಗೋಡೆಯ ಹಿಂದೆ ಸೇರಿ ಬೂಷ್ಟು ಹಿಡಿಸುತ್ತದೆ. ವೆಂಟ್ ಎರಡು ಬೆರಳು ತೆರೆದಿಟ್ಟು, ಮುಂದೆ ಒಂದು ಕಿಟಕಿ ಸ್ವಲ್ಪ ಇಳಿಸಿದರೆ ಸಾಕು. ಯಾವ ಟೇಪೂ ಈ ಕೆಲಸ ಮಾಡುವುದಿಲ್ಲ.

ಬಿರುಬೇಸಿಗೆಯಲ್ಲೂ ನೆಲ ಹಸಿ ಇದ್ದರೆ ಪೈಪಿನ ಕಡೆ ನೋಡಿ. ನಲ್ಲಿ ಎಲ್ಲ ಮುಚ್ಚಿ, ಪಂಪ್ ಆನ್ ಇಟ್ಟು ಸುಮ್ಮನೆ ಕೂತು ಕೇಳಿ. ಪಂಪ್ ನಿಂತ ಮೇಲೆ ಸ್ವಲ್ಪ ಹೊತ್ತಿಗೆ ತಾನೇ ಮತ್ತೆ ಓಡಿದರೆ ಎಲ್ಲೋ ಒಂದು ಜಾಯಿಂಟ್ ಜಿನುಗುತ್ತಿರುವ ಸಾಧ್ಯತೆ ಹೆಚ್ಚು.

ಕೊಳ್ಳುವವರಿಗೆ: ಅಂಗಡಿಯಲ್ಲಿ ಬ್ಯೂಟೈಲ್ ಟೇಪ್ ಕೇಳಿದರೆ ಬಹಳ ಕಡೆ ಮೇಲೆ ಬೆಳ್ಳಿ ಬಣ್ಣದ ಅಲ್ಯೂಮಿನಿಯಂ ಹಾಳೆ ಇರುವ ಟೇಪ್ ಕೊಡುತ್ತಾರೆ. ಅದು ಮನೆ ತಗಡಿನ ಬಿರುಕಿಗೆ ಮೇಲಿಂದ ಅಂಟಿಸುವುದು. ಫ್ಲೇಂಜಿನ ಕೆಳಗೆ ಹಾಕಲು ಎರಡೂ ಕಡೆ ಅಂಟುವ, ನಡುವೆ ಬಿಡಿಸುವ ಕಾಗದ ಇರುವ ಸುರುಳಿ ಬೇಕು. ಆನ್‌ಲೈನ್‌ನಲ್ಲಿ ತರಿಸುವುದಾದರೆ ದಪ್ಪ ನೋಡಿ. 1 ಮಿ.ಮೀ.ನದ್ದು ಅಗ್ಗಕ್ಕೆ ಸಿಗುತ್ತದೆ, ಆದರೆ ಟಿಟಿಯ ಚಾವಣಿ ಪೂರ್ತಿ ಸಪಾಟಾಗಿ ಇರುವುದಿಲ್ಲ, ಉಬ್ಬು ಗೆರೆಗಳಿರುತ್ತವೆ. ಆ ಗೆರೆಗಳ ನಡುವಿನ ತಗ್ಗು ತುಂಬಲು 3 ಮಿ.ಮೀ. ಬೇಕೇ ಬೇಕು. ತಗ್ಗು ಆಳ ಇದ್ದ ಕಡೆ ಚಾಚಾ ಎರಡು ಪದರ ಇಟ್ಟಿದ್ದರು, ಅದು ಇವತ್ತಿಗೂ ಹಾಗೇ ಕೂತಿದೆ.